ಕ್ಲಚ್ಚು ಏಕೆ ಸವೆಯುತ್ತದೆ?

ಮಕ್ಕಳೇ, ಜಳಕೋಟದ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟು ಕೇಳಿರಿ. ಉದಗೀರಕ್ಕೆ ಹೋಗುವ ಎಸ್.ಟಿ. ಬಸ್ಸು ಹೊರಡುತ್ತಿದೆ. ಚಾಲಕನು ಎಡಗಾಲಿನಿಂದ ಪೆಡಲನ್ನು ಒತ್ತುತ್ತಾನೆ. ಎಡಗೈಯಿಂದ ಉದ್ದನೆಯ ಗಿಯರ್ ಕೋಲನ್ನು ಸರಿಸುತ್ತಾನೆ. ಬಸ್ಸು ಮೆಲ್ಲಗೆ ಮುಂದಕ್ಕೆ ಸಾಗುತ್ತದೆ. ಅದರ ಬೆನ್ನಿಗೆ ಒಂದು ಜೀಪು ಹೊರಡುತ್ತದೆ. ಅದರ ಹೊಟ್ಟೆಯಿಂದ 'ಕರ್ರ್' ಎಂಬ ಸದ್ದು ಬರುತ್ತದೆ. ಜೀಪು ಟಣ್ಣನೆ ಜಿಗಿಯುತ್ತದೆ. ಒಳಗೆ ಕುಳಿತವರೆಲ್ಲ ಒಮ್ಮೆಲೇ ಹಿಂದಕ್ಕೆ ವಾಲುತ್ತಾರೆ.

ಎರಡೂ ಗಾಡಿಗಳು ಹೊರಟವು, ನಿಜ. ಆದರೆ ಎರಡನೆಯ ಗಾಡಿಯಲ್ಲಿ ಏನೋ ಒಂದು ಸ್ವಲ್ಪ ಸವೆಯಿತು. ಅದು ಏನು, ಏಕೆ ಸವೆಯಿತು ಎಂಬುದನ್ನು ತಿಳಿಯಬೇಕಾದರೆ ಗಾಡಿಯ ಒಳಗೆ ಇಣುಕಬೇಕು.

ಮೋಟಾರು ಗಾಡಿಯ ಇಂಜಿನ್ನಿಗೆ ಒಂದು ವಿಚಿತ್ರ ಗುಣವಿದೆ. ಎತ್ತು ನಿಂತಲ್ಲಿಂದಲೇ ಬಂಡಿಯನ್ನು ಎಳೆಯಬಲ್ಲದು. ಇಂಜಿನ್ನಿಗೆ ಅದು ಸಾಧ್ಯವಿಲ್ಲ. ತಾನು ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಶಕ್ತಿ. ಗಾಡಿ ನಿಂತಿರುವಾಗಲೂ ಇಂಜಿನ್ನಿನ ದಂಡವು ನಿಮಿಷಕ್ಕೆ ಸುಮಾರು 700–800 ಸುತ್ತು ತಿರುಗುತ್ತಲೇ ಇರುತ್ತದೆ. ಅತ್ತ ಗಾಲಿಗಳು ಮಾತ್ರ ಅಲುಗದೆ ನಿಂತಿರುತ್ತವೆ. ತಿರುಗುವ ದಂಡಕ್ಕೂ ನಿಂತ ಗಾಲಿಗೂ ಗಂಟು ಹಾಕುವುದು ಹೇಗೆ? ಈ ಕೆಲಸವನ್ನು ಮಾಡುವುದೇ ಕ್ಲಚ್ಚು.

ಇಂಜಿನ್ನಿನ ಹಿಂದೆ ಒಂದು ಭಾರವಾದ ಉಕ್ಕಿನ ಚಕ್ರವಿರುತ್ತದೆ. ಅದಕ್ಕೆ ಒತ್ತಿಕೊಂಡು ಊಟದ ತಟ್ಟೆಯಂಥ ಒಂದು ಬಿಲ್ಲೆ ಇರುತ್ತದೆ. ಇದೇ ಕ್ಲಚ್ ಪ್ಲೇಟು. ಅದರ ಎರಡೂ ಬದಿಗೆ ಒರಟಾದ ಪಟ್ಟಿಗಳನ್ನು ಕೂಡಿಸಿರುತ್ತಾರೆ. ಬಲವಾದ ಸ್ಪ್ರಿಂಗು ಈ ಬಿಲ್ಲೆಯನ್ನು ಚಕ್ರಕ್ಕೆ ಒತ್ತಿ ಹಿಡಿದಿರುತ್ತದೆ. ಚಾಲಕನು ಪೆಡಲು ಒತ್ತಿದಾಗ ಒತ್ತಡ ತಪ್ಪಿ ಬಿಲ್ಲೆ ಸಡಿಲಾಗುತ್ತದೆ. ಆಗ ಇಂಜಿನ್ನು ತನ್ನಷ್ಟಕ್ಕೆ ತಾನು ತಿರುಗುತ್ತದೆ. ಕಾಲನ್ನು ಹಗುರವಾಗಿ ಎತ್ತಿದಾಗ ಬಿಲ್ಲೆಯು ಚಕ್ರಕ್ಕೆ ಉಜ್ಜುತ್ತ ಉಜ್ಜುತ್ತ ಅದರ ವೇಗವನ್ನು ಹಿಡಿಯುತ್ತದೆ. ಕೊನೆಗೆ ಎರಡೂ ಒಂದಾಗಿ ತಿರುಗುತ್ತವೆ.

ಈ ಉಜ್ಜಾಟದಲ್ಲಿಯೇ ಸವೆತವಿದೆ. ನಿಮ್ಮ ಎರಡೂ ಅಂಗೈಗಳನ್ನು ಜೋರಾಗಿ ಉಜ್ಜಿ ನೋಡಿರಿ. ಬಿಸಿಯಾಗುತ್ತವೆಯಲ್ಲವೇ? ಕ್ಲಚ್ ಪ್ಲೇಟೂ ಹಾಗೆಯೇ ಬಿಸಿಯಾಗುತ್ತದೆ. ಎರಡು ಗಳಿಗೆಯ ಉಜ್ಜಾಟವಾದರೆ ಅದು ತಡೆದುಕೊಳ್ಳುತ್ತದೆ. ಆದರೆ ಕೆಲವರು ಏರಿನಲ್ಲಿ ಗಾಡಿ ನಿಲ್ಲಿಸಿಕೊಳ್ಳಲು ಬ್ರೇಕು ಹಿಡಿಯುವುದಿಲ್ಲ. ಅರ್ಧ ಕ್ಲಚ್ಚು ಒತ್ತಿ, ಇಂಜಿನ್ನನ್ನು ಕೂಗಿಸುತ್ತ ನಿಲ್ಲುತ್ತಾರೆ. ಆಗ ಬಿಲ್ಲೆಯ ಪಟ್ಟಿ ಸುಟ್ಟು ಕಮಟು ವಾಸನೆ ಬರುತ್ತದೆ. ಹಿಂದಿನ ಕಾಲದಲ್ಲಿ ಈ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಆದುದರಿಂದ ಹಳೆಯ ಗಾಡಿಯ ಕ್ಲಚ್ಚು ಬಿಚ್ಚಿದಾಗ ಆ ಧೂಳನ್ನು ಊದಬಾರದು.

ಇನ್ನು ಪೆಡಲಿನಿಂದ ಕಾಲನ್ನು ಒಮ್ಮೆಲೇ ಕಿತ್ತರೆ ಏನಾಗುತ್ತದೆ? ಬಿಲ್ಲೆಯು ಚಕ್ರವನ್ನು ಪಟ್ಟನೆ ಕಚ್ಚುತ್ತದೆ. ಆ ಹೊಡೆತವು ಬಿಲ್ಲೆಯಲ್ಲಿರುವ ಪುಟ್ಟ ಸ್ಪ್ರಿಂಗುಗಳಿಗೆ, ಗಿಯರ್ ಪೆಟ್ಟಿಗೆಯ ಹಲ್ಲುಗಳಿಗೆ, ಗಾಲಿಗಳಿಗೆ ಹೋಗುವ ಉದ್ದನೆಯ ದಂಡದ ಕೀಲುಗಳಿಗೆ ಒಂದರ ಹಿಂದೊಂದು ತಾಗುತ್ತದೆ. ಜೀಪು ಜಿಗಿದದ್ದು ಇದೇ ಕಾರಣದಿಂದ.

ಆದರೆ 'ಕರ್ರ್' ಎಂಬ ಸದ್ದು ಬಂದದ್ದು ಕ್ಲಚ್ಚಿನಿಂದಲ್ಲ. ಅದು ಗಿಯರ್ ಪೆಟ್ಟಿಗೆಯ ಸದ್ದು.

ಗಿಯರು ಏಕೆ ಬೇಕು ಎಂಬುದಕ್ಕೆ ಒಂದು ನಿಜವಾದ ಕಥೆಯಿದೆ. ಜರ್ಮನಿಯಲ್ಲಿ ಕಾರ್ಲ್ ಬೆಂಝ್ ಎಂಬವನು ಮೂರು ಗಾಲಿಯ ಮೋಟಾರು ಗಾಡಿಯನ್ನು ತಯಾರಿಸಿದ್ದನು. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬರ್ಥಾ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡನಿಗೆ ಹೇಳದೆಯೇ ಆ ಗಾಡಿಯಲ್ಲಿ ತವರಿಗೆ ಹೊರಟಳು. ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ! ಬಯಲಿನಲ್ಲಿ ಗಾಡಿ ಚೆನ್ನಾಗಿ ಓಡಿತು. ಏರು ಬಂದಾಗ ಮಾತ್ರ ಇಳಿದು ನೂಕಬೇಕಾಯಿತು. ಅವಳು ಮರಳಿ ಬಂದ ಮೇಲೆ, ಏರು ಹತ್ತಲು ಇನ್ನೊಂದು ಗಿಯರು ಬೇಕು ಎಂದು ಗಂಡನಿಗೆ ಹೇಳಿದಳು. ಅವನು ಅದನ್ನು ಕೂಡಿಸಿದನು. ದಾರಿಯಲ್ಲಿ ಬ್ರೇಕು ಸವೆದಾಗ ಅವಳು ಚಮ್ಮಾರನಿಂದ ಬ್ರೇಕಿನ ಕಟ್ಟಿಗೆಗೆ ತೊಗಲು ಹೊಡೆಸಿದ್ದಳು. ಇಂದಿನ ಬ್ರೇಕಿನ ಪಟ್ಟಿಯ ಮೂಲ ಆ ತೊಗಲಿನ ತುಂಡು. ಇಂಥ ಜಾಣೆಯ ಹೆಸರನ್ನು ನೆನಪಿಡಬೇಕು.

ಏರಿಗೆ ಬೇರೆ ಗಿಯರು ಏಕೆ? ಹತ್ತು ಹಲ್ಲಿನ ಸಣ್ಣ ಗಾಲಿಯು ನಲವತ್ತು ಹಲ್ಲಿನ ದೊಡ್ಡ ಗಾಲಿಯನ್ನು ತಿರುಗಿಸುತ್ತದೆ ಎಂದು ತಿಳಿಯಿರಿ. ಸಣ್ಣದು ನಾಲ್ಕು ಸುತ್ತು ತಿರುಗಿದಾಗ ದೊಡ್ಡದು ಒಂದೇ ಸುತ್ತು ತಿರುಗುತ್ತದೆ. ವೇಗ ನಾಲ್ಕನೆಯ ಒಂದು ಭಾಗವಾಯಿತು. ಆದರೆ ತಿರುಗಿಸುವ ಬಲ ಸುಮಾರು ನಾಲ್ಕು ಪಟ್ಟಾಯಿತು. ಮೊದಲನೆಯ ಗಿಯರೆಂದರೆ ಹೀಗೆ. ಬಾಲಾಘಾಟದ ಏರಿನಲ್ಲಿ ತೊಗರಿ ಚೀಲ ಹೇರಿದ ಟೆಂಪೊ ಇಂಥ ಗಿಯರಿನಿಂದಲೇ ಮೇಲೆ ಹತ್ತುತ್ತದೆ. ಸಮನಾದ ರಸ್ತೆಗೆ ಅಷ್ಟು ಬಲ ಬೇಡ, ವೇಗ ಬೇಕು. ಆಗ ಚಾಲಕನು ಎರಡು, ಮೂರು, ನಾಲ್ಕು ಎಂದು ಬದಲಿಸುತ್ತ ಹೋಗುತ್ತಾನೆ. ನಿಮ್ಮ ಮನೆಯ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಹಲ್ಲುಗಾಲಿಗಳ ಹಲ್ಲುಗಳನ್ನು ಎಣಿಸಿ, ಪೆಡಲಿನ ಒಂದು ಸುತ್ತಿಗೆ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆಂದು ಲೆಕ್ಕ ಮಾಡಿರಿ.

ಈಗ ಸದ್ದಿನ ಮಾತಿಗೆ ಬರೋಣ. ನೀವು ಓಡುವ ಚಕ್ಕಡಿಯನ್ನು ಹತ್ತುವವರನ್ನು ನೋಡಿರಬಹುದು. ನಿಂತಲ್ಲೇ ನಿಂತು ಚಕ್ಕಡಿಯ ಗೂಟವನ್ನು ಹಿಡಿದರೆ ರಟ್ಟೆ ಉಳುಕುತ್ತದೆ. ತಿಳಿದವರು ಚಕ್ಕಡಿಯ ಜೊತೆಗೆ ನಾಲ್ಕು ಹೆಜ್ಜೆ ಓಡುತ್ತಾರೆ. ಎರಡರ ವೇಗವೂ ಒಂದಾದಾಗ ಸಲೀಸಾಗಿ ಕೂಡುತ್ತಾರೆ. (ನೀವು ಹಾಗೆ ಹತ್ತಲು ಹೋಗಬೇಡಿರಿ!)

ಗಿಯರ್ ಪೆಟ್ಟಿಗೆಯಲ್ಲಿಯೂ ಇದೇ ನಡೆಯುತ್ತದೆ. ಅಲ್ಲಿ ಒಂದು ದಂಡವಿದೆ. ಅದರ ಮೇಲಿನ ಹಲ್ಲುಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ಕೋಲು ಸರಿಸಿದಾಗ ಅವುಗಳಲ್ಲಿ ಒಂದು ಮಾತ್ರ ದಂಡಕ್ಕೆ ಬಿಗಿಯುತ್ತದೆ. ಬಿಗಿಯುವ ಮೊದಲು ಎರಡರ ವೇಗವೂ ಸಮನಾಗಬೇಕು. ಅದಕ್ಕಾಗಿ ನಡುವೆ ಒಂದು ಬಳೆಯಿರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಅದು ಹಿತ್ತಾಳೆಯದು. ಅದು ಮೊದಲು ಹೋಗಿ ಗಾಲಿಗೆ ಉಜ್ಜುತ್ತದೆ, ವೇಗವನ್ನು ಸಮ ಮಾಡುತ್ತದೆ, ಆಮೇಲೆ ಹಲ್ಲುಗಳು ಕೂಡಲು ದಾರಿ ಬಿಡುತ್ತದೆ. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1928ರಲ್ಲಿ ಈ ಏರ್ಪಾಡು ಮೊದಲು ಬಂದಿತು. ಅದಕ್ಕೂ ಮುಂಚೆ ಚಾಲಕರು ಇಂಜಿನ್ನಿನ ಸಪ್ಪಳ ಕೇಳಿ ತಾವೇ ವೇಗವನ್ನು ಹೊಂದಿಸಬೇಕಾಗಿತ್ತು. ಒಂದು ಗಿಯರಿಗೆ ಎರಡು ಸಲ ಕ್ಲಚ್ಚು ಒತ್ತುತ್ತಿದ್ದರು. ಅದು ದೊಡ್ಡ ವಿದ್ಯೆಯೇ ಸರಿ.

ಈ ಬಳೆಗೆ ಬೇಕಾದುದು ಕಣ್ಣು ಮಿಟುಕಿಸುವಷ್ಟು ಸಮಯ ಮಾತ್ರ. ಅವಸರದ ಚಾಲಕನು ಅಷ್ಟನ್ನೂ ಕೊಡುವುದಿಲ್ಲ. ಕೋಲನ್ನು ರಪ್ಪನೆ ನೂಕುತ್ತಾನೆ. ಬಳೆ ಅಗತ್ಯಕ್ಕಿಂತ ಹೆಚ್ಚು ಒತ್ತಿ ಉಜ್ಜಿ ಬೇಗ ಸವೆಯುತ್ತದೆ. ಸವೆದ ಬಳೆ ವೇಗವನ್ನು ಸಮ ಮಾಡಲಾರದು. ಆಗ ಉಕ್ಕಿನ ಹಲ್ಲಿಗೆ ಉಕ್ಕಿನ ಹಲ್ಲು ಬಡಿಯುತ್ತದೆ. ಅದೇ 'ಕರ್ರ್'. ಕ್ಲಚ್ಚನ್ನು ಪೂರ್ತಿ ಒತ್ತದೆ ಗಿಯರು ಹಾಕಿದರೂ ಹೀಗೆಯೇ ಆಗುತ್ತದೆ. ಹಲ್ಲಿನ ತುದಿಗಳು ಮೊಂಡಾಗುತ್ತವೆ, ಚಕ್ಕೆ ಏಳುತ್ತವೆ. ಆ ಚಕ್ಕೆಗಳು ಪೆಟ್ಟಿಗೆಯ ಎಣ್ಣೆಯಲ್ಲಿ ಬೆರೆತು ಉಳಿದ ಹಲ್ಲುಗಳನ್ನೂ ಬೇರಿಂಗುಗಳನ್ನೂ ತಿನ್ನುತ್ತವೆ. ಮುಂದೆ ಹಾಕಿದ ಗಿಯರು ತಾನಾಗಿಯೇ ಜಾರಿ ಹೊರಬೀಳತೊಡಗುತ್ತದೆ.

ಹೊಸದಾಗಿ ಗಾಡಿ ಕಲಿಯುವ ಹುಡುಗ, "ಮಾಮಾ, ಗಿಯರ್ ಬೀಳವಲ್ದು" ಎಂದು ಕೋಲಿನೊಂದಿಗೆ ಗುದ್ದಾಡುತ್ತಾನೆ. ಹಳೆಯ ಚಾಲಕನು ಹೇಳುವುದು ಒಂದೇ ಮಾತು: "ಅದರ ಕೂಡ ಕುಸ್ತಿ ಆಡಬ್ಯಾಡೋ ತಮ್ಮಾ. ಇಂಜಿನ್ನಿನ ಸಪ್ಪಳಾ ಕೇಳು."

ಈ ಮಾತು ಘಟ್ಟದ ಇಳಿಜಾರಿನಲ್ಲಿ ಜೀವದ ಮಾತಾಗುತ್ತದೆ. ಇಳಿಯುವಾಗ ಸಣ್ಣ ಗಿಯರಿನಲ್ಲಿದ್ದರೆ ಇಂಜಿನ್ನೇ ಗಾಡಿಯ ವೇಗವನ್ನು ಹಿಡಿದಿಡುತ್ತದೆ. ಕೆಲವರು ಎಣ್ಣೆ ಉಳಿಯಲೆಂದು ಗಿಯರು ತೆಗೆದು ಗಾಡಿಯನ್ನು ಸುಮ್ಮನೆ ಉರುಳಬಿಡುತ್ತಾರೆ. ಆಗ ಎಲ್ಲ ಭಾರವೂ ಬ್ರೇಕಿನ ಮೇಲೆ. ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಗಾಬರಿಯಿಂದ ಗಿಯರು ಹಾಕಲು ಹೋದರೆ, ಗಾಡಿಯ ವೇಗ ಹೆಚ್ಚಾಗಿರುವುದರಿಂದ ಅದು ಕೂಡುವುದೇ ಇಲ್ಲ. ಕೈಬಲದಿಂದ ನೂಕಿ ಕೂಡಿಸಿದರೂ ಇಂಜಿನ್ನು ತನ್ನ ಮಿತಿ ಮೀರಿ ತಿರುಗುತ್ತದೆ, ಕ್ಲಚ್ ಪ್ಲೇಟು ಒಡೆದೇ ಹೋಗಬಹುದು. ಅದಕ್ಕಾಗಿ ಇಳಿಜಾರು ಶುರುವಾಗುವ ಮೊದಲೇ ಗಿಯರು ಬದಲಿಸಬೇಕು.

ಕ್ಲಚ್ಚು ಸವೆದದ್ದು ಹೇಗೆ ತಿಳಿಯುತ್ತದೆ? ಏರಿನಲ್ಲಿ ಇಂಜಿನ್ನು ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಆಗ ಮಿಸ್ತ್ರಿಯ ಹತ್ತಿರ ಹೋಗಲೇಬೇಕು. ಬಿಲ್ಲೆ ಚಿಕ್ಕದು, ಆದರೆ ಅದನ್ನು ಬದಲಿಸಲು ಗಿಯರ್ ಪೆಟ್ಟಿಗೆಯನ್ನೇ ಕೆಳಗಿಳಿಸಬೇಕು. ಅಂದಿನ ದುಡಿಮೆ ಹೋಯಿತು. ಆ ಗಾಡಿಯನ್ನೇ ನಂಬಿದ ಮನೆಯವರಿಗೆ ಅದು ಸಣ್ಣ ನಷ್ಟವಲ್ಲ. ಆ ಗಾಡಿಗಾಗಿ ಫಾಟ್ಯಾದ ಮೇಲೆ ಕಾಯುತ್ತ ನಿಂತ ಮಕ್ಕಳ ಶಾಲೆಯೂ ತಪ್ಪಿತು.

ಎಸ್.ಟಿ.ಯ ಮೊದಲ ಬಸ್ಸು 1948ರ ಜೂನ್ 1ರಂದು ಪುಣೆಯಿಂದ ಅಂದಿನ ಅಹಮದನಗರಕ್ಕೆ, ಅಂದರೆ ಇಂದಿನ ಅಹಿಲ್ಯಾನಗರಕ್ಕೆ ಓಡಿತು. 2022ರ ಜೂನ್ 1ರಂದು ಅದೇ ದಾರಿಯಲ್ಲಿ ಎಸ್.ಟಿ.ಯ 'ಶಿವಾಯಿ' ಎಂಬ ವಿದ್ಯುತ್ ಬಸ್ಸು ಹೊರಟಿತು. ವಿದ್ಯುತ್ ಮೋಟಾರು ಎತ್ತಿನಂತೆ ನಿಂತಲ್ಲಿಂದಲೇ ಎಳೆಯಬಲ್ಲದು. ಆದ್ದರಿಂದ ಅಂಥ ಬಸ್ಸಿನ ಚಾಲಕನ ಎಡಗಾಲಿಗೆ ಒತ್ತಲು ಕ್ಲಚ್ಚಿನ ಪೆಡಲೇ ಇರುವುದಿಲ್ಲ.