ಖಾಲಿ ಗೊನೆಯಲ್ಲೂ ಸಕ್ಕರೆ!



ಕೌಲಾಲಂಪುರದಿಂದ ಮಲಾಕ್ಕಾ ಕಡೆ ಕಾರಿನಲ್ಲಿ ಹೋದವರೆಲ್ಲ ದಾರಿಯುದ್ದಕ್ಕೂ ತಾಳೆ ತೋಟ ನೋಡಿಯೇ ಇರುತ್ತೀರಿ. ಈ ದೇಶದಲ್ಲಿ ಇದು ವಾಣಿಜ್ಯ ಬೆಳೆಯಾದದ್ದು 1917ರಲ್ಲಿ, ಸೆಲಂಗೋರಿನ ತೆನ್ನಮರಂ ಎಸ್ಟೇಟಿನಲ್ಲಿ. (ಹೆಸರು ತೆಂಗಿನಮರದ್ದು, ಬೆಳೆ ತಾಳೆಯದು!) ನೂರು ಕಿಲೋ ಗೊನೆ ಗಿರಣಿಗೆ ಹೋದರೆ ಬರುವ ಎಣ್ಣೆ ಸುಮಾರು 20 ಕಿಲೋ. ಹಣ್ಣು ಬಿಡಿಸಿದ ಮೇಲೆ ಉಳಿಯುವ ನಾರಿನ ಗೊನೆಯೂ ಹೆಚ್ಚುಕಡಿಮೆ ಅಷ್ಟೇ ತೂಕ.

ಆ ನಾರಿನಲ್ಲಿರುವ ಸೆಲ್ಯುಲೋಸ್ ಎಂದರೆ ಗ್ಲೂಕೋಸಿನದೇ ಉದ್ದನೆಯ ಸರಪಳಿ. ಅದನ್ನು ತುಂಡರಿಸಿದರೆ ಸಕ್ಕರೆ, ಸಕ್ಕರೆ ಹುದುಗಿಸಿದರೆ ಇಂಧನ. ತುಂಡರಿಸುವ ಕತ್ತರಿಯೇ ಕಿಣ್ವ, ಅಂದರೆ ಎನ್‌ಜೈಮ್. ಮೊಳಕೆ ರಾಗಿಯ ಹಿಟ್ಟು ಸಿಹಿಯಾಗುವುದೂ ಇಂಥದರಿಂದಲೇ; ಅಲ್ಲಿ ಕತ್ತರಿ ಬೀಳುವುದು ಪಿಷ್ಟಕ್ಕೆ. ನಾರಿನ ಕತ್ತರಿ ಸಿಕ್ಕ ಕತೆ ಸ್ವಾರಸ್ಯವಾಗಿದೆ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಯ ಡೇರೆಗಳನ್ನು ಒಂದು ಬೂಷ್ಟು ತಿಂದುಹಾಕಿತು. ಅದೇ ಟ್ರೈಕೋಡರ್ಮಾ ರೀಸೈ. ಈಗಿನ ಸೆಲ್ಯುಲೇಸ್ ಉದ್ಯಮ ಬಹುಮಟ್ಟಿಗೆ ನಡೆಯುವುದು ಅದರ ವಂಶದಿಂದಲೇ.

ತೊಂದರೆ ಖರ್ಚಿನದು. ಕಿಣ್ವ ಕೆಲಸ ಮುಗಿದ ಮೇಲೂ ಬಹಳಷ್ಟು ಉಳಿದಿರುತ್ತದೆ, ಆದರೆ ಸಕ್ಕರೆ ನೀರಿನ ಜೊತೆ ಹೊರಟುಹೋಗುತ್ತದೆ. ಅದನ್ನು ಮಣಿಗಳಿಗೆ ಅಂಟಿಸಿ ಮತ್ತೆ ಮತ್ತೆ ಬಳಸಬಾರದೇಕೆ? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ರೀಯೂಸ್! ಜಪಾನಿನ ತನಾಬೆ ಕಂಪನಿಯಲ್ಲಿ ಇಚಿರೊ ಚಿಬಾತಾ ತಂಡ 1969ರಲ್ಲೇ ಅಮೈನೋ ಆಮ್ಲ ತಯಾರಿಕೆಗೆ ಇದನ್ನು ಕಾರ್ಖಾನೆ ಮಟ್ಟದಲ್ಲಿ ಮಾಡಿ ತೋರಿಸಿತು. ಜೋಳದ ಗ್ಲೂಕೋಸನ್ನು ಫ್ರಕ್ಟೋಸ್ ಮಾಡುವ ಕಾರ್ಖಾನೆಗಳಲ್ಲಿ ಇಂಥ ಮಣಿಗಳು ತಿಂಗಳುಗಟ್ಟಲೆ ದುಡಿಯುತ್ತವೆ.

ಗೊನೆಗೂ ಹಾಗೇ ಆಗಬೇಕಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಗ್ಲೂಕೋಸ್ ನೀರಿನಲ್ಲಿ ಕರಗಿ ಮಣಿಯ ಬಳಿಗೆ ತಾನೇ ಬರುತ್ತದೆ. ನಾರು ಗಟ್ಟಿ, ಬರುವುದಿಲ್ಲ. ಮಣಿಗೆ ಅಂಟಿದ ಕಿಣ್ವಕ್ಕೂ ನಾರಿನ ಒಳಗೆ ನುಗ್ಗಲಾಗದು. ಮಸಾಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಸಿದರೆ ಕಷಾಯಕ್ಕೆ ಸಾರ ಇಳಿಯುತ್ತದೆ, ಆದರೆ ಅದೇ ಗಂಟನ್ನು ಇಡೀ ಕುಂಬಳಕಾಯಿಯ ಮೇಲಿಟ್ಟರೆ ಏನು ಪ್ರಯೋಜನ? ಅದಕ್ಕೇ ಸಂಶೋಧಕರು ಕೆಲಸ ಹಂಚುತ್ತಾರೆ: ಮೊದಲು ಕ್ಷಾರ ಅಥವಾ ಬಿಸಿ ಹಬೆಯಿಂದ ನಾರನ್ನು ಸಡಿಲಿಸಿ, ಬಿಡಿ ಕಿಣ್ವದಿಂದ ತುಂಡರಿಸುವುದು, ಕರಗಿ ಬರುವ ಸೆಲ್ಲೋಬಯೋಸ್ ಎಂಬ ಜೋಡಿ ಸಕ್ಕರೆಯನ್ನು ಮಾತ್ರ ಮಣಿಯ ಕಿಣ್ವದಿಂದ ಒಡೆಯುವುದು. ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳಿಗೆ ಕಿಣ್ವ ಅಂಟಿಸಿ, ಕೊನೆಗೆ ಆಯಸ್ಕಾಂತ ಹಿಡಿದು ಎಳೆದುಕೊಳ್ಳುವ ಪ್ರಯೋಗಗಳೂ ನಡೆದಿವೆ.

ಇಷ್ಟಾದರೂ ಲೆಕ್ಕ ಮುಗಿಯುವುದಿಲ್ಲ. ಖಾಲಿ ಗೊನೆ ಬರೀ ಕಸವಲ್ಲ, ಅದರಲ್ಲಿ ಪೊಟ್ಯಾಶಿಯಂ ಹೇರಳವಾಗಿದೆ. ತೋಟದವರು ಅದನ್ನು ಮರದ ಬುಡಕ್ಕೆ ಹರಡುವುದು ಅದಕ್ಕೇ. ಸಕ್ಕರೆ ಕಾರ್ಖಾನೆ ಗೊನೆ ಕೊಂಡೊಯ್ದರೆ ಅವರು ಅಷ್ಟು ಪೊಟ್ಯಾಷ್ ಗೊಬ್ಬರವನ್ನು ಅಂಗಡಿಯಿಂದ ತರಬೇಕು.