ನೀರಿನೊಳಗಣ ತಕ್ಕಡಿ

ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ, ಬಾವಿಗಿಳಿಸಿ ಈಜು ಕಲಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದದ್ದು. ಮುಳುಗದಂತೆ ಕಾಯುವುದೇ ಆ ಬುರುಡೆಯ ಕೆಲಸ. ಆದರೆ ಗಾಳಿಯ ಸಿಲಿಂಡರನ್ನು ಹೊತ್ತು ಕಡಲಿಗಿಳಿಯುವ ಸ್ಕೂಬಾ ಸಾಹಸಿಯ ಪಾಡು ಇದಕ್ಕೆ ತೀರ ವಿರುದ್ಧ. ಅವನಿಗೆ ಮುಳುಗುವುದೇ ಕಷ್ಟ! ಆದಕಾರಣ ಅವನು ಸೊಂಟಕ್ಕೆ ಸೀಸದ ತುಂಡುಗಳನ್ನು ಪೋಣಿಸಿದ ಪಟ್ಟಿಯನ್ನು ಬಿಗಿದುಕೊಳ್ಳುತ್ತಾನೆ. ಎಷ್ಟು ಸೀಸವೆಂಬ ಪ್ರಶ್ನೆ ನೋಡಲು ಕ್ಷುಲ್ಲಕವೆನಿಸಬಹುದು. ಅವನ ಸುಖ ಮಾತ್ರವಲ್ಲ, ಪ್ರಾಣವೂ ಅದನ್ನೇ ಅವಲಂಬಿಸಿದೆ.

ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಸ್ಥಳಾಂತರಿಸಿದ ನೀರಿನ ತೂಕದಷ್ಟೇ ಬಲವು ಮೇಲೆತ್ತುತ್ತದೆಯೆಂಬ ಆರ್ಕಿಮಿಡೀಸನ ಸೂತ್ರವನ್ನು ವಾಚಕರು ಶಾಲೆಯಲ್ಲಿಯೇ ಕೇಳಿರುತ್ತಾರೆ. ಚಳಿಯಿಂದ ಕಾಪಾಡುವ ರಬ್ಬರಿನ ಉಡುಪಿನ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಅದು ಬೆಂಡಿನಂತೆ ತೇಲುತ್ತದೆ. ದೇಹದ ಕೊಬ್ಬೂ ತೇಲುವಂಥದೇ. ಆದ್ದರಿಂದ ಮೈ ತುಂಬಿಕೊಂಡವರಿಗೆ ಸಣಕಲರಿಗಿಂತ ಹೆಚ್ಚು ಸೀಸ ಬೇಕಾಗುವುದೂ ಉಂಟು. ಈಜುಕೊಳದ ಸಿಹಿನೀರಿನಲ್ಲಿ ಅಭ್ಯಾಸ ಮಾಡಿ ಕಡಲಿಗೆ ಬಂದವನಿಗೆ ಇನ್ನೊಂದು ಸೋಜಿಗ ಕಾದಿರುತ್ತದೆ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಭಾರ. ಸಲಕರಣೆಗಳೂ ಸೇರಿ ನೂರು ಕಿಲೋಗ್ರಾಂ ತೂಗುವವನು ಕಡಲಿನಲ್ಲಿ ಸುಮಾರು ಎರಡೂವರೆ ಕಿಲೋಗ್ರಾಂ ಸೀಸವನ್ನು ಹೆಚ್ಚಾಗಿ ಧರಿಸಬೇಕು.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ತಮ್ಮ ‘ಆಕ್ವಾ ಲಂಗ್’ ಉಪಕರಣವನ್ನು ರೂಪಿಸಿದಾಗ ಗಾಳಿ ತುಂಬುವ ಜಾಕೆಟ್ ಇರಲಿಲ್ಲ. ಅಂದಿನವರು ಸೀಸವನ್ನು ಬಂಗಾರದಂತೆ ತೂಗಿ ನೋಡಿಯೇ ಇಳಿಯಬೇಕಾಗಿತ್ತು. ಜಾಕೆಟ್ ಬಂದ ಮೇಲೆ ಅನುಕೂಲವೇನೋ ಆಯಿತು. ಜೊತೆಗೆ ಸೋಮಾರಿತನವೂ ಬಂದಿತು. ನಾಲ್ಕು ಕಿಲೋ ಹೆಚ್ಚಾದರೇನಂತೆ, ಜಾಕೆಟ್ಟಿಗೆ ಇನ್ನಷ್ಟು ಗಾಳಿ ತುಂಬಿದರಾಯಿತೆಂಬ ಭಾವನೆ ಹಲವರಲ್ಲಿ ಬೇರೂರಿತು.

ಅಪಾಯವಿರುವುದು ಇಲ್ಲಿಯೇ. ನಾಲ್ಕು ಕಿಲೋ ಹೆಚ್ಚುವರಿ ಸೀಸವನ್ನು ಸರಿದೂಗಿಸಲು ಸುಮಾರು ನಾಲ್ಕು ಲೀಟರು ಹೆಚ್ಚುವರಿ ಗಾಳಿ ಬೇಕು. ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಇಮ್ಮಡಿ. ಅಲ್ಲಿಂದ ಏರತೊಡಗಿದರೆ ಜಾಕೆಟ್ಟಿನ ಗಾಳಿ ಹಿಗ್ಗುತ್ತ, ಮೇಲೆ ಬರುವ ಹೊತ್ತಿಗೆ ಎರಡರಷ್ಟಾಗುತ್ತದೆ. ಹಿಗ್ಗಿದಷ್ಟೂ ವೇಗ, ವೇಗವಾದಷ್ಟೂ ಹಿಗ್ಗು! ಸಮಯಕ್ಕೆ ಸರಿಯಾಗಿ ಗಾಳಿಯನ್ನು ಹೊರಬಿಡದವನು ಬಿರಡೆಯಂತೆ ಮೇಲಕ್ಕೆ ಚಿಮ್ಮುತ್ತಾನೆ. ಗಾಬರಿಯಿಂದ ಉಸಿರು ಬಿಗಿಹಿಡಿದನೆಂದರೆ ಶ್ವಾಸಕೋಶದೊಳಗಿನ ಗಾಳಿಯೂ ಹಾಗೆಯೇ ಹಿಗ್ಗಿ ಅದನ್ನು ಹರಿದುಹಾಕಬಲ್ಲುದು. ಕೆಳಗಿಳಿಯುವಾಗ ಇದೇ ಭಾರ ಅವನನ್ನು ಬೇಕಾದುದಕ್ಕಿಂತ ಬೇಗ ಆಳಕ್ಕೆಳೆಯುತ್ತದೆ.

ಹಾಗಾದರೆ ಸರಿಯಾದ ತೂಕವನ್ನು ತಿಳಿಯುವುದೆಂತು? ಗಾಳಿಗೂ ತೂಕವಿದೆಯೆಂಬುದನ್ನು ಮರೆಯಬಾರದು. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನ ಒಳ ಅಳತೆ ಸುಮಾರು 11 ಲೀಟರು. ಅದರಲ್ಲಿ ಒತ್ತಿ ತುಂಬಿದ ಗಾಳಿಯ ತೂಕ ಎರಡೂವರೆ ಕಿಲೋಗ್ರಾಮಿಗೂ ಮಿಗಿಲು. ಅದರ ಮುಕ್ಕಾಲು ಪಾಲನ್ನು ಉಸಿರಾಡಿ ಮುಗಿಸಿದಾಗ ಸಿಲಿಂಡರು ಎರಡು ಕಿಲೋದಷ್ಟು ಹಗುರವಾಗಿರುತ್ತದೆ. ಹೊರಡುವಾಗ ಸರಿಯಾಗಿದ್ದ ತಕ್ಕಡಿ, ಮರಳುವಾಗ ತೇಲುವ ಕಡೆಗೆ ವಾಲುತ್ತದೆ. ಆದುದರಿಂದ ಪರೀಕ್ಷೆಯನ್ನು ಕೊನೆಯಲ್ಲಿ ಮಾಡುವುದೇ ಮೇಲು. ಸಿಲಿಂಡರು ಬಹುಪಾಲು ಬರಿದಾಗಿರುವಾಗ, ಐದು ಮೀಟರು ಆಳದಲ್ಲಿ, ಜಾಕೆಟ್ಟಿನ ಗಾಳಿಯನ್ನೆಲ್ಲ ಹೊರಬಿಟ್ಟು, ಸಹಜವಾಗಿ ಉಸಿರಾಡುತ್ತ ಏರದೆ ಇಳಿಯದೆ ನಿಲ್ಲಬಲ್ಲವನ ಸೀಸ ಸರಿಯಾಗಿದೆ.

ತೂಕ ಸರಿಯಾದರೂ ಅದನ್ನು ಇಡುವ ಸ್ಥಳ ತಪ್ಪಬಹುದು. ಎದೆಯ ಭಾಗವನ್ನು ಶ್ವಾಸಕೋಶಗಳೂ ಜಾಕೆಟ್ಟೂ ಮೇಲೆತ್ತುತ್ತವೆ. ಸೊಂಟದ ಸೀಸ ಕೆಳಗೆಳೆಯುತ್ತದೆ. ಫಲವಾಗಿ ಕಾಲುಗಳು ಜೋತುಬಿದ್ದು, ದೇಹವು ಒರಗಿಸಿಟ್ಟ ಏಣಿಯಂತಾಗುತ್ತದೆ. ಅಂಥವನು ಪಾದದ ರೆಕ್ಕೆಗಳನ್ನು ಬಡಿದಾಗಲೆಲ್ಲ ಮುಂದಕ್ಕೆ ಮಾತ್ರವಲ್ಲ, ಮೇಲಕ್ಕೂ ಹೋಗುತ್ತಾನೆ. ತಳದ ಕೆಸರೆದ್ದು ಹಿಂದಿನವರಿಗೆ ಏನೂ ಕಾಣದಂತಾಗುತ್ತದೆ. ಗಾಳಿಯೂ ಬೇಗ ಮುಗಿಯುತ್ತದೆ. ಪರಿಹಾರ ಸುಲಭ: ಒಂದೆರಡು ತುಂಡುಗಳನ್ನು ಸೊಂಟದಿಂದ ತೆಗೆದು ಸಿಲಿಂಡರಿನ ಮೇಲ್ಭಾಗದ ಪಟ್ಟಿಗೆ ಸೇರಿಸುವುದು. ಸಿಲಿಂಡರನ್ನೇ ತುಸು ಮೇಲಕ್ಕೇರಿಸಿ ಕಟ್ಟುವುದೂ ಉಂಟು. ಉಳಿದ ಸೀಸವಾದರೋ ಆಪತ್ತಿನಲ್ಲಿ ಒಂದೇ ಕೈಯಿಂದ ಕಳಚಿ ಎಸೆಯುವಂತಿರಬೇಕು. ಎಲ್ಲವನ್ನೂ ಕಳಚಲಾಗದೆಡೆ ಬಿಗಿಯುವುದು ಅವಿವೇಕ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಕಳೆದ ಮೇಲೆ ದೋಣಿಗಳು ಈ ಸಾಹಸಿಗಳನ್ನು ಕರೆದೊಯ್ಯುತ್ತವೆ. ಮೊದಲ ಸಲ ಇಳಿಯುವವರ ಸೀಸವನ್ನು ಶಿಕ್ಷಕರೇ ನಿಶ್ಚಯಿಸಿ, ಅವರನ್ನು ಹಿಡಿದುಕೊಂಡೇ ಇರುತ್ತಾರೆ. ತಾವಾಗಿಯೇ ಈಜುವ ಹಂತಕ್ಕೆ ಬಂದವರ ಮಾತು ಬೇರೆ. ದ್ವೀಪದ ಸುತ್ತಲಿನ ಹವಳವು ಜೀವಂತ ವಸ್ತು. ಜೋತುಬಿದ್ದ ಒಂದು ಕಾಲಿನ ಒಂದೇ ಒದೆತಕ್ಕೆ ಎಷ್ಟೋ ವರ್ಷಗಳ ಬೆಳವಣಿಗೆ ಮುರಿದುಬೀಳುತ್ತದೆ. ಮಟ್ಟಸವಾಗಿ ತೇಲುವವನು ಮೊಳದಷ್ಟು ಅಂತರದಿಂದ ಮೀನುಗಳನ್ನು ನೋಡಿಯೂ ಏನನ್ನೂ ತಾಗದೆ ಬರಬಲ್ಲ.

ಒಮ್ಮೆ ದೊರೆತ ಲೆಕ್ಕ ಶಾಶ್ವತವಲ್ಲ. ರಬ್ಬರಿನ ಉಡುಪು ಹಳತಾದಂತೆ ಅದರ ಗುಳ್ಳೆಗಳು ಕುಗ್ಗಿ, ತೇಲುವ ಗುಣ ಇಳಿಯುತ್ತದೆ. ಉಕ್ಕಿನ ಸಿಲಿಂಡರು ಸಿಕ್ಕಿದರೆ ಸೀಸ ಇನ್ನೂ ಕಡಿಮೆ ಸಾಕಾಗಬಹುದು. ಯಾವ ಉಡುಪು, ಯಾವ ಸಿಲಿಂಡರು, ಎಂಥ ನೀರು, ಎಷ್ಟು ಸೀಸ ಎಂಬುದನ್ನು ಪ್ರತಿ ಸಲವೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವರು ಮುಂದಿನ ಸಲ ದೋಣಿಯಲ್ಲಿ ಅಂದಾಜಿನ ಮೇಲೆ ತೂಗಬೇಕಾಗಿಲ್ಲ.