ಕರೆಂಟ್ ಹೋದ್ರೂ ಟವರ್ ಹೆಂಗ ನಡೀತೈತಿ?

ನವಲಗುಂದ ಕಡೆ ಮಳಿ-ಗಾಳಿಗೆ ಹೆಸ್ಕಾಂ ಕರೆಂಟ್ ಹೋತಂದ್ರ ಮನ್ಯಾಗಿನ ಫ್ಯಾನ್ ನಿಂತೇ ಬಿಡ್ತೈತಿ. ಮೊಬೈಲ್ ಸಿಗ್ನಲ್ ಮಾತ್ರ ಇರ್ತೈತಿ. ಯಾಕಂದ್ರ ಟವರ್ ನಡಿಯೋದು 48 ವೋಲ್ಟ್ ಡಿಸಿ ಮ್ಯಾಲೆ. ಕರೆಂಟ್ ಹೋದ ಕೂಡಲೇ ಬ್ಯಾಟರಿ ಟವರಿನ ಭಾರ ಹೊತ್ಕೊಳ್ತೈತಿ.

ಎಷ್ಟು ಹೊತ್ತು? ಲೆಕ್ಕ ಹಾಕೂಣು ಬರ್ರಿ. 300 ಆಂಪಿಯರ್-ಅವರ್ ಬ್ಯಾಟರಿ, 30 ಆಂಪಿಯರ್ ಲೋಡು. ಕಾಗದದ ಮ್ಯಾಲೆ 10 ತಾಸು. ಆದ್ರ ಸೀಸದ ಬ್ಯಾಟರಿನ ದಿನಾ ಪೂರಾ ಬರಿದು ಮಾಡಿದ್ರ ಲಗೂನ ಸಾಯ್ತೈತಿ. ಅರ್ಧಕ್ಕ ನಿಲ್ಲಿಸಿದ್ರ ಸಿಗೋದು 5 ತಾಸು. ಮ್ಯಾಲೆ ನಮ್ಮ ಏಪ್ರಿಲ್ ಬಿಸಲು! 10 ಡಿಗ್ರಿ ಸೆಕೆ ಏರಿದ್ರ ಇದರ ಆಯಸ್ಸು ಹೆಚ್ಚುಕಮ್ಮಿ ಅರ್ಧ. ಲಿಥಿಯಂ ಜಾಸ್ತಿ ತಾಳ್ತೈತಿ, ರೊಕ್ಕ ಮೊದಲೇ ಸುರೀಬೇಕು. ಕಳ್ಳರ ಕಣ್ಣೂ ಅದರ ಮ್ಯಾಲೇ ಅನ್ರಿ.

ಬ್ಯಾಟರಿ ಮುಗಿದ್ರ ಡೀಸೆಲ್ ಜನರೇಟರ್. ಕೊಳ್ಳಾಕ ಅಗ್ಗ, ಓಡಸಾಕ ತುಟ್ಟಿ. ಅದರಾಗ ನಮ್ಮದು ಎರಿ ಭೂಮಿ. ಬೆಣ್ಣಿಹಳ್ಳ ತುಂಬಿ ಹರದು ರಸ್ತಿ ರಾಡಿ ಆದಾಗ ಡೀಸೆಲ್ ಕ್ಯಾನ್ ಟವರ್ ತನಕ ಹೋಗೋದೇ ಕಷ್ಟ. ಕರೆಂಟ್ ಹೋಗೋ ಹೊತ್ತಿಗೇ ದಾರಿನೂ ಬಂದ್! ಅದಕ್ಕ ಈ ಭಾಗದಾಗ ಬ್ಯಾಟರಿ ಮ್ಯಾಲೆ ಉಳಿತಾಯ ಮಾಡೋದು ನನಗಂತೂ ಶಾಣ್ಯಾತನ ಅನ್ಸಂಗಿಲ್ಲ.

ಸೋಲಾರ್? 2012ರಾಗೇ ಕೇಂದ್ರ ದೂರಸಂಪರ್ಕ ಇಲಾಖೆ, 2015ರೊಳಗ ಹಳ್ಳಿ ಟವರ್‌ನಾಗ ಅರ್ಧದಷ್ಟು ಟವರು ಗ್ರಿಡ್ ಜೋಡಿ ಸೌರದಂಥ ಶಕ್ತಿ ಬಳಸಬೇಕಂತ ಗುರಿ ಇಟ್ಟಿತ್ತು. ಹಗಲೊತ್ತು ಡೀಸೆಲ್ ಉಳೀತೈತಿ, ಖರೆ. ಜಡಿಮಳಿ ಹಿಡೀತಂದ್ರ ಮತ್ತ ಬ್ಯಾಟರಿನೇ ಗತಿ.

ಎಲ್ಲಾ ಟವರ್‌ಗೂ ಒಂದೇ ಲೆಕ್ಕ ನಡಿಯಂಗಿಲ್ಲ. ಕುಂದಗೋಳ ಪ್ಯಾಟ್ಯಾಗ ಒಂದು ನಿಂತ್ರ ಬಾಜೂಕಿಂದು ಹಿಡದೀತು. ಕಲಘಟಗಿ ಕಾಡಂಚಿನ ಒಂಟಿ ಟವರ್ ನಿಂತ್ರ 108ಕ್ಕೂ ಫೋನ್ ಹತ್ತಲಿಕ್ಕಿಲ್ಲ. ದೊಡ್ಡ ಬ್ಯಾಟರಿ ಮೊದಲು ಅಲ್ಲಿಗೆ ಹೋಗಬೇಕು.